ಒಳಗಿಂದ ಹೊರಗೆ ಹೋಗುತ್ತದೆ, ಹೊರಗಿಂದ ಒಳಗೆ ಬರುವುದಿಲ್ಲ: ಲ್ಯಾಬಿನ ವರ್ಚುವಲ್ ಮಷೀನ್ ಪಕ್ಕದ ಕಂಪ್ಯೂಟರಿಗೆ ಕಾಣಬೇಕಾದರೆ

ಪ್ರಶ್ನೆ: ಸಾಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಲ್ಯಾಬಿನಲ್ಲಿ ಒಂದೇ ಸ್ವಿಚ್ಚಿಗೆ ಜೋಡಿಸಿದ 12 ಹಳೆ ಕಂಪ್ಯೂಟರುಗಳಿವೆ. ಈ ವರ್ಷ 16 ಜಿಬಿ ರ್‍ಯಾಮ್ ಇರುವ ಹೊಸದೊಂದು ಬಂತು. ನನ್ನ ಮೇಜಿನ ತನಕ ಕೇಬಲ್ ಎಟುಕದ ಕಾರಣ ಅದು ವೈಫೈನಲ್ಲಿದೆ. ಅದರಲ್ಲಿ ವಿಂಡೋಸ್ ಮೇಲೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಲ್ಲೇ ಇನ್ನೊಂದು ಕಂಪ್ಯೂಟರ್, ಅಂದರೆ ವರ್ಚುವಲ್ ಮಷೀನ್, ಕಟ್ಟುವ ಪ್ರೋಗ್ರಾಮು) ಹಾಕಿ, ಲಿನಕ್ಸಿನ ಒಂದು ಬಗೆಯಾದ ಉಬುಂಟು ಸರ್ವರಿನ ಒಂದು ಮಷೀನ್ ಮಾಡಿ, ಅದನ್ನೇ ಕ್ಲೋನ್ (ನಕಲು) ಮಾಡಿ ಎರಡು ಮಾಡಿಕೊಂಡೆ. ಒಂದರಲ್ಲಿ ವೆಬ್ ಸರ್ವರ್, ಇನ್ನೊಂದರಲ್ಲಿ ಡೇಟಾಬೇಸಿಗೆ ಮೈಎಸ್‌ಕ್ಯೂಎಲ್. ಎರಡರೊಳಗೂ ಇಂಟರ್ನೆಟ್ ಬರುತ್ತದೆ, ಆದರೆ ಮಕ್ಕಳ ಕಂಪ್ಯೂಟರಿನಿಂದ ಪಿಂಗ್ ಮಾಡಿದರೆ (‘ಇದ್ದೀಯಾ’ ಅಂತ ಕರೆದರೆ) ಉತ್ತರವಿಲ್ಲ. ಎರಡೂ ತಮ್ಮ ವಿಳಾಸ 10.0.2.15 ಎನ್ನುತ್ತವೆ. ಮನೆಯ ಲ್ಯಾಪ್‌ಟಾಪಿನಲ್ಲಿ ಬ್ರಿಡ್ಜ್ ಮಾಡಿ ನೋಡಿದೆ. ಒಂದು ದಿನ ಬಂತು, ಮಾರನೇ ದಿನ ಬರಲಿಲ್ಲ. ಏನು ಮಾಡಬೇಕು? ಮನೆಯಿಂದಲೂ ಆ ಸರ್ವರ್ ತೆರೆಯಲು ಸಾಧ್ಯವೇ?

ಉತ್ತರ: ಮೇಷ್ಟ್ರೇ, ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ವರ್ಚುವಲ್ ಮಷೀನ್ ಕಾಣ್ತಿಲ್ಲ ಅಂತ ಯಾರು ಫೋನ್ ಮಾಡಿದರೂ ನಾನು ಮೊದಲು ಕೇಳುವುದು ಅದರ ಐಪಿ ವಿಳಾಸ. ವಿಳಾಸ ಗೊತ್ತಾದರೆ ಅದನ್ನು ಕೊಟ್ಟವರು ಯಾರು ಅಂತ ತಿಳಿಯುತ್ತದೆ. ಕೊಟ್ಟವರು ಗೊತ್ತಾದರೆ ಮಷೀನು ಯಾವ ಬೇಲಿಯೊಳಗಿದೆ ಅನ್ನುವುದೂ ತಿಳಿಯುತ್ತದೆ.

10.0.2.15 ಕೊಟ್ಟದ್ದು ನಿಮ್ಮ ಕಾಲೇಜಿನ ರೂಟರ್ ಅಲ್ಲ, ವರ್ಚುವಲ್‌ಬಾಕ್ಸ್. ಹೊಸ ಮಷೀನ್ ಮಾಡುವಾಗ ನೆಟ್‌ವರ್ಕ್ ಸೆಟ್ಟಿಂಗನ್ನು ಮುಟ್ಟದೆ ಬಿಟ್ಟರೆ ಅದು ನ್ಯಾಟ್ ವಿಧಾನದಲ್ಲಿರುತ್ತದೆ. ಅಂದರೆ ವರ್ಚುವಲ್‌ಬಾಕ್ಸ್ ಆ ಮಷೀನಿಗೆಂದೇ ಒಂದು ಪುಟ್ಟ ರೂಟರನ್ನು ಸಾಫ್ಟ್‌ವೇರಿನಲ್ಲಿ ಕಟ್ಟಿಕೊಡುತ್ತದೆ. ರೂಟರಿಗೆ 10.0.2.2, ಮಷೀನಿಗೆ 10.0.2.15. ಎರಡನೇ ಮಷೀನಿಗೆ ಅಂಥದೇ ಇನ್ನೊಂದು ರೂಟರ್, ಅದೇ ವಿಳಾಸಗಳು. ಒಂದಕ್ಕೊಂದು ಸಂಬಂಧವಿಲ್ಲ. ಹಾಗಾಗಿ ಮಕ್ಕಳ ಕಂಪ್ಯೂಟರಿನ ಮಾತು ಹಾಗಿರಲಿ, ನಿಮ್ಮ ವೆಬ್ ಸರ್ವರಿಗೆ ಪಕ್ಕದಲ್ಲೇ ಇರುವ ಡೇಟಾಬೇಸೂ ಕಾಣುತ್ತಿರಲಿಕ್ಕಿಲ್ಲ. ಅದನ್ನು ನೀವಿನ್ನೂ ಪರೀಕ್ಷಿಸಿಲ್ಲ ಅನ್ನಿಸುತ್ತದೆ.

ನ್ಯಾಟ್ ಹೇಗೆ ಅನ್ನುವುದನ್ನು ಮಕ್ಕಳಿಗೆ ಹೇಳಲು ನಮ್ಮ ಕಡೆಯ ಒಂಟಿಮನೆಗಳೇ ಸಾಕು. ರಸ್ತೆಯಿಂದ ಎರಡು ಮೈಲಿ ಕಾಡೊಳಗಿರುವ ಮನೆಗೆ ಪೋಸ್ಟ್‌ಮನ್ ದಿನಾ ನಡೆದು ಹೋಗುವುದಿಲ್ಲ. ಬಸ್‌ಸ್ಟಾಪಿನ ಅಂಗಡಿಯಲ್ಲಿ ಕಾಗದ ಕೊಟ್ಟು ಹೋಗುತ್ತಾರೆ. ಮನೆಯವರು ಮೊದಲು ಕಾಗದ ಹಾಕಿದ್ದರೆ ಅಂಗಡಿಯವರಿಗೆ ನೆನಪಿರುತ್ತದೆ, ಉತ್ತರ ಬಂದಾಗ ತಲುಪಿಸುತ್ತಾರೆ. ಮನೆಯ ಹೆಸರೂ ಇಲ್ಲದೆ ಹೊರಗಿನವರು ಅಂಗಡಿ ವಿಳಾಸಕ್ಕೆ ಬರೆದರೆ ಆ ಕಾಗದ ಬೀಡಿಕಟ್ಟಿನ ಪಕ್ಕದಲ್ಲೇ ಹಳದಿಯಾಗುತ್ತದೆ. ನಿಮ್ಮ ಮಷೀನಿಗೆ ಇಂಟರ್ನೆಟ್ ಬರುವುದೂ, ಹೊರಗಿನ ಪಿಂಗ್ ಒಳಗೆ ಹೋಗದಿರುವುದೂ ಇದೇ ಕಾರಣಕ್ಕೆ. ಹಾಳಾದದ್ದು ಏನೂ ಇಲ್ಲ, ನ್ಯಾಟ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

ನಿಮ್ಮ ಲ್ಯಾಬಿಗೆ ಬೇಕಾದದ್ದು ಬ್ರಿಡ್ಜ್. ಪಠ್ಯಪುಸ್ತಕದವರು ಇದಕ್ಕೆ ಸೇತುವೆ ಅನ್ನಬಹುದು, ನನಗೆ ಸಂಕ ಅನ್ನುವುದೇ ಹೆಚ್ಚು ಸರಿ ಕಾಣುತ್ತದೆ. ಹಳ್ಳದ ಆಚೆಯ ಮನೆಯನ್ನು ಈಚೆಯ ಊರಿಗೆ ಸೇರಿಸಿಬಿಡುವುದಷ್ಟೇ ಅದರ ಕೆಲಸ. ಬ್ರಿಡ್ಜ್ ಮಾಡಿದಾಗ ವರ್ಚುವಲ್ ಮಷೀನು ತನ್ನದೇ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತುಸಂಖ್ಯೆ) ಹಿಡಿದುಕೊಂಡು ನೇರವಾಗಿ ನಿಮ್ಮ ಸ್ವಿಚ್ಚಿಗೆ ಬರುತ್ತದೆ. ಸ್ವಿಚ್ಚಿನ ಲೆಕ್ಕದಲ್ಲಿ ಅದು ಹದಿನಾಲ್ಕನೇ ಕಂಪ್ಯೂಟರ್. ರೂಟರ್ ಅದಕ್ಕೂ ಉಳಿದವರಿಗೆ ಕೊಟ್ಟ ಹಾಗೆಯೇ 192.168.1 ಸಾಲಿನ ವಿಳಾಸವೊಂದನ್ನು ಕೊಡುತ್ತದೆ. ಯಾರು ಯಾರನ್ನು ಬೇಕಾದರೂ ಕರೆಯಬಹುದು.

ಮಾಡುವುದು ಸುಲಭ. ಮಷೀನಿನ ಸೆಟ್ಟಿಂಗ್ಸ್, ನೆಟ್‌ವರ್ಕ್, ಅಲ್ಲಿ ‘ಅಟ್ಯಾಚ್ಡ್ ಟು’ ಎಂಬಲ್ಲಿ ‘ಬ್ರಿಡ್ಜ್ಡ್ ಅಡಾಪ್ಟರ್’. ಅದರ ಕೆಳಗಿನ ‘ನೇಮ್’ ಪಟ್ಟಿಯಲ್ಲಿ ಬಹಳ ಜನ ಎಡವುತ್ತಾರೆ. ವೈಫೈ, ಕೇಬಲಿನ ಕಾರ್ಡು, ಇನ್ನೂ ಯಾವುದೋ ಒಂದೆರಡು ಅಲ್ಲಿರುತ್ತವೆ. ಕೇಬಲ್ ಸಿಕ್ಕಿಸಿದ ಕಾರ್ಡನ್ನೇ ಆರಿಸಬೇಕು. ಪಟ್ಟಿಯೇ ಖಾಲಿ ಇದ್ದರೆ ವಿಂಡೋಸಿನಲ್ಲಿ ಆ ಕಾರ್ಡಿನ ಪ್ರಾಪರ್ಟೀಸ್ ತೆರೆದು, ವರ್ಚುವಲ್‌ಬಾಕ್ಸಿನ ಬ್ರಿಡ್ಜ್ಡ್ ನೆಟ್‌ವರ್ಕಿಂಗ್ ಡ್ರೈವರ್ ಮುಂದೆ ಟಿಕ್ ಇದೆಯೇ ನೋಡಿ. ಕೆಲವು ಆಂಟಿವೈರಸ್‌ಗಳು ಅದನ್ನು ತಳ್ಳಿ ತಾವು ಕೂತಿರುತ್ತವೆ. ಆಮೇಲೆ ಉಬುಂಟುವನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಹೊಸ ವಿಳಾಸ ಕೇಳಿ ಪಡೆಯಲಿ.

ಕೇಬಲ್ ಅಂದೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಿಮ್ಮ ಮನೆಯಲ್ಲಿ ಒಂದು ದಿನ ಬಂದು ಮಾರನೇ ದಿನ ಬರದೇ ಹೋದದ್ದರ ಗುಟ್ಟು ಇಲ್ಲಿದೆ. ವೈಫೈನಲ್ಲಿ ಒಂದು ಕಟ್ಟುಪಾಡು ಇದೆ. ಪಾಸ್‌ವರ್ಡ್ ಕೊಟ್ಟು ಒಳಗೆ ಬಂದ ಕಾರ್ಡಿನ ಮ್ಯಾಕ್ ವಿಳಾಸ ಮಾತ್ರ ಆಕ್ಸೆಸ್ ಪಾಯಿಂಟಿಗೆ ಪರಿಚಯ. ಅದೇ ಕಾರ್ಡಿನಿಂದ ಬೇರೊಂದು ಮ್ಯಾಕ್ ವಿಳಾಸದ ಪ್ಯಾಕೆಟ್ ಬಂದರೆ ಅದನ್ನು ಎಸೆದುಬಿಡುತ್ತದೆ. ಇದಕ್ಕೆ ವರ್ಚುವಲ್‌ಬಾಕ್ಸಿನವರು ಒಂದು ಉಪಾಯ ಹೂಡಿದ್ದಾರೆ: ಹೊರಗೆ ಹೋಗುವ ಪ್ಯಾಕೆಟ್ಟಿನಲ್ಲಿ ವರ್ಚುವಲ್ ಮಷೀನಿನ ಮ್ಯಾಕ್ ಅಳಿಸಿ ಲ್ಯಾಪ್‌ಟಾಪಿನ ಮ್ಯಾಕ್ ಬರೆಯುತ್ತಾರೆ, ಒಳಬರುವಾಗ ಐಪಿ ನೋಡಿ ಹಿಂದಕ್ಕೆ ತಿದ್ದುತ್ತಾರೆ. ಕೆಲವು ರೂಟರುಗಳ ಮುಂದೆ ಈ ವೇಷ ನಡೆಯುತ್ತದೆ, ಕೆಲವುಗಳ ಮುಂದೆ ಐಪಿ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿಯಲ್ಲೇ ಸಿಕ್ಕಿಬೀಳುತ್ತದೆ. ಮಳೆಗಾಲದ ಅಡಿಕೆಮರದ ಸಂಕ ಇದ್ದ ಹಾಗೆ. ದಾಟಬಹುದು, ಆದರೆ ದಿನಾ ಅದರ ಮೇಲೆ ಶಾಲೆ ಮಕ್ಕಳನ್ನು ಕಳಿಸುವುದಕ್ಕಾಗುವುದಿಲ್ಲ.

ಆದ್ದರಿಂದ ನಿಮ್ಮ ಮೇಜಿನ ತನಕ ಒಂದು ಕ್ಯಾಟ್-6 ಕೇಬಲ್ ಎಳೆಸಿ. ಒಂದು ಎಳೆ 100 ಮೀಟರ್ ತನಕ ಹೋಗಬಹುದು, ಲ್ಯಾಬಿನೊಳಗೆ ಅದು ಬೇಕಾದಷ್ಟಾಯಿತು. ಕೋಣೆಯ ಒಳಗೆ ಮಾತ್ರ ಎಳೆಸಿ. ಪಕ್ಕದ ಕಟ್ಟಡಕ್ಕೂ ಸೇರಿಸುವ ಆಲೋಚನೆಯಿದ್ದರೆ ಅದಕ್ಕೆ ತಾಮ್ರ ಬೇಡ, ಫೈಬರ್ ಹಾಕಿಸಿ. ಏಪ್ರಿಲ್ ಮೇ ತಿಂಗಳ ಗುಡುಗು-ಸಿಡಿಲಿಗೆ ಹೊರಗೆ ಎಳೆದ ತಾಮ್ರದ ಕೇಬಲಿನ ಎರಡು ತುದಿಯ ಸ್ವಿಚ್ಚುಗಳೂ ಒಟ್ಟಿಗೆ ಹೋದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಕಾಲೇಜಿನಲ್ಲಿ ಸಾದಾ ಸ್ವಿಚ್ಚಿನ ಬದಲು ಮ್ಯಾನೇಜ್ಡ್ ಸ್ವಿಚ್ ಇದ್ದು, ಅದರ ಒಂದು ಪೋರ್ಟಿಗೆ (ಕೇಬಲ್ ಸಿಕ್ಕಿಸುವ ತೂತಿಗೆ) ಒಂದೇ ಮ್ಯಾಕ್ ಅಂತ ಯಾರಾದರೂ ಬಿಗಿ ಮಾಡಿಟ್ಟಿದ್ದರೆ ಕೇಬಲಿನ ಬ್ರಿಡ್ಜೂ ನಡೆಯದು. ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಒಂದು ಮಾತು ಕೇಳಿ.

ಇನ್ನು ನಿಮ್ಮ ಕ್ಲೋನ್ ವಿಷಯ. ಬ್ರಿಡ್ಜ್ ಮಾಡಿದ ಕೂಡಲೇ ನಿಮಗೆ ಎದುರಾಗುವ ಮುಂದಿನ ತಲೆನೋವು ಇದು, ಈಗಲೇ ಹೇಳಿಬಿಡುತ್ತೇನೆ. ತೀರ್ಥಹಳ್ಳಿ ಕಡೆಯ ಒಂದು ಕಚೇರಿಯಲ್ಲಿ ಹೀಗೇ ಕ್ಲೋನ್ ಮಾಡಿದ ಎರಡು ಉಬುಂಟು ಮಷೀನುಗಳನ್ನು ನಾನೇ ಬ್ರಿಡ್ಜ್ ಮಾಡಿ ಕೂರಿಸಿದ್ದೆ. ಮ್ಯಾಕ್ ಬೇರೆ ಬೇರೆ ಇದೆ ಅಂತ ಎರಡು ಸಲ ನೋಡಿಕೊಂಡಿದ್ದೆ. ಆದರೂ ಎರಡಕ್ಕೂ ರೂಟರ್ ಒಂದೇ ಐಪಿ ಕೊಡುತ್ತಿತ್ತು. ಒಮ್ಮೆ ಲಾಗಿನ್ ಆದರೆ ಈ ಮಷೀನು, ಇನ್ನೊಮ್ಮೆ ಆದರೆ ಆ ಮಷೀನು. ರೂಟರ್ ಕೆಟ್ಟಿದೆ ಅಂತ ಬೈದು ಅದನ್ನು ರೀಸೆಟ್ ಮಾಡಿ, ಮಧ್ಯಾಹ್ನದ ಊಟ ತಪ್ಪಿಸಿಕೊಂಡು, ಸಂಜೆ ಹೊತ್ತಿಗೆ ಗೊತ್ತಾಯಿತು ತಪ್ಪು ನನ್ನದೇ ಎಂದು. ಈಚಿನ ಉಬುಂಟು ಸರ್ವರುಗಳು ಡಿಎಚ್‌ಸಿಪಿಗೆ ತಮ್ಮ ಗುರುತು ಹೇಳುವಾಗ ಮ್ಯಾಕ್ ಹೇಳುವುದಿಲ್ಲ, ಮಷೀನ್-ಐಡಿ ಎಂಬ ಸಂಖ್ಯೆಯಿಂದ ಹುಟ್ಟಿಸಿದ ಗುರುತು ಹೇಳುತ್ತವೆ. ಕ್ಲೋನ್ ಮಾಡಿದಾಗ ಆ ಸಂಖ್ಯೆಯೂ ನಕಲಾಗಿರುತ್ತದೆ. ರೂಟರಿನ ದೃಷ್ಟಿಯಲ್ಲಿ ಇಬ್ಬರೂ ಒಬ್ಬನೇ.

ಪರಿಹಾರ ಎರಡು. ಕ್ಲೋನ್ ಆದ ಮಷೀನಿನೊಳಗೆ ಈಟಿಸಿ ಫೋಲ್ಡರಿನಲ್ಲಿರುವ ಮಷೀನ್-ಐಡಿ ಕಡತವನ್ನು ಅಳಿಸದೆ, ಒಳಗಿರುವುದನ್ನು ಮಾತ್ರ ಖಾಲಿ ಮಾಡಿ ರೀಸ್ಟಾರ್ಟ್ ಮಾಡಿದರೆ ಹೊಸ ಸಂಖ್ಯೆ ತಾನೇ ಹುಟ್ಟುತ್ತದೆ. ಇಲ್ಲವೇ ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಕಡತದಲ್ಲಿ ಡಿಎಚ್‌ಸಿಪಿ-ಐಡೆಂಟಿಫೈಯರ್ ಎಂಬುದಕ್ಕೆ ಮ್ಯಾಕ್ ಎಂದು ಬರೆಯಬಹುದು. ನಾನು ಮೊದಲನೆಯದನ್ನೇ ಮಾಡುತ್ತೇನೆ, ಆ ಸಂಖ್ಯೆಯನ್ನು ನೆಚ್ಚಿಕೊಂಡಿರುವ ಬೇರೆ ಸಂಗತಿಗಳೂ ಸರಿಹೋಗುತ್ತವೆ. ಕ್ಲೋನ್ ಮಾಡುವ ಕಿಟಕಿಯಲ್ಲೇ ಎಲ್ಲ ಅಡಾಪ್ಟರುಗಳಿಗೂ ಹೊಸ ಮ್ಯಾಕ್ ಹುಟ್ಟಿಸು ಎಂಬ ಆಯ್ಕೆ ಇದೆ, ಮುಂದಿನ ಸಲ ಅದನ್ನೂ ಒತ್ತಿ.

ವಿಳಾಸ ದಿನಕ್ಕೊಂದಾಗಬಾರದು. ಶರಾವತಿಯ ಕರೆಂಟು ಹುಟ್ಟುವ ತಾಲ್ಲೂಕಿನಲ್ಲೇ ಮಳೆಗಾಲಕ್ಕೆ ಕರೆಂಟು ಇರುವುದಿಲ್ಲ ಅನ್ನುವುದು ನಿಮಗೆ ನಾನು ಹೇಳಬೇಕಾಗಿಲ್ಲ. ರೂಟರ್ ಆರಿ ಹತ್ತಿದ ಮೇಲೆ ನಿನ್ನೆಯ ಐಪಿ ಇವತ್ತು ಮಗುವೊಂದರ ಕಂಪ್ಯೂಟರಿಗೆ ಹೋಗಿರಬಹುದು. ರೂಟರಿನ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಎಂಬ ಜಾಗವಿರುತ್ತದೆ. ಅಲ್ಲಿ ಮಷೀನಿನ ಮ್ಯಾಕ್ ಬರೆದು, ಅದರ ಮುಂದೆ 192.168.1.20 ಅಂತ ಕಟ್ಟಿಹಾಕಿ. ಡೇಟಾಬೇಸಿಗೆ 21 ಇರಲಿ. ರೂಟರಿನ ಪಾಸ್‌ವರ್ಡ್ ನಿಮ್ಮ ಕೈಯಲ್ಲಿಲ್ಲದಿದ್ದರೆ ಉಬುಂಟುವಿನೊಳಗೇ ಸ್ಥಿರ ವಿಳಾಸ ಕೊಡಿ. ಆದರೆ ರೂಟರ್ ಹಂಚುವ ಸಾಲಿನ ಹೊರಗಿನದನ್ನು ಆರಿಸಿ. ಅದು 100ರಿಂದ 199ರ ತನಕ ಹಂಚುತ್ತಿದ್ದರೆ ನಿಮ್ಮದು 20, 21. ಒಮ್ಮೆ ಹೀಗೆ ಮಾಡಿಟ್ಟರೆ ರಸ್ತೆ ಬದಿ ಮರ ಬಿದ್ದು ಫೈಬರ್ ತುಂಡಾದ ದಿನವೂ ಲ್ಯಾಬ್ ನಡೆಯುತ್ತದೆ, ಯಾಕೆಂದರೆ ಸ್ವಿಚ್ಚಿನೊಳಗಿನ ಓಡಾಟಕ್ಕೆ ಇಂಟರ್ನೆಟ್ಟಿನ ಹಂಗಿಲ್ಲ.

ಈಗ ಪಿಂಗ್. ಪಿಂಗಿಗೆ ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ದಾರಿ ಇಲ್ಲ ಅಂತ ತೀರ್ಮಾನಿಸಬೇಡಿ. ಉಬುಂಟುವಿನಿಂದ ಮಕ್ಕಳ ವಿಂಡೋಸ್ ಕಂಪ್ಯೂಟರಿಗೆ ಪಿಂಗ್ ಮಾಡಿದರೆ ಬಹುತೇಕ ಉತ್ತರ ಬರುವುದಿಲ್ಲ. ನೆಟ್‌ವರ್ಕನ್ನು ಪಬ್ಲಿಕ್ ಎಂದು ಗುರುತಿಸಿದ್ದರೆ ವಿಂಡೋಸಿನ ಫೈರ್‌ವಾಲ್ ಅದನ್ನು ನುಂಗುತ್ತದೆ. ನಾನು ನಂಬುವುದು ಬೇರೊಂದು ಪರೀಕ್ಷೆಯನ್ನು. ಮಕ್ಕಳ ಕಂಪ್ಯೂಟರಿನಿಂದ 192.168.1.20ಕ್ಕೆ ಒಮ್ಮೆ ಪಿಂಗ್ ಮಾಡಿ, ಉತ್ತರ ಬಾರದಿದ್ದರೂ ಚಿಂತೆಯಿಲ್ಲ, ಕೂಡಲೇ ಕಮಾಂಡ್ ಪ್ರಾಂಪ್ಟಿನಲ್ಲಿ, ಯಾವ ಐಪಿಗೆ ಯಾವ ಮ್ಯಾಕ್ ಅಂತ ತೋರಿಸುವ ಎಆರ್‌ಪಿ ಆಜ್ಞೆಗೆ ಹೈಫನ್-ಎ ಸೇರಿಸಿ ಕೊಡಿ. ಬರುವ ಪಟ್ಟಿಯಲ್ಲಿ 192.168.1.20ರ ಎದುರು 08-00-27ರಿಂದ ಶುರುವಾಗುವ ಮ್ಯಾಕ್ ಕಂಡರೆ ಸಂಕ ಸರಿಯಾಗಿದೆ ಎಂದರ್ಥ. ಆ ಮೂರು ಜೋಡಿ ವರ್ಚುವಲ್‌ಬಾಕ್ಸಿನ ಕುಲಗುರುತು. ಕೇಬಲ್, ಸ್ವಿಚ್, ಬ್ರಿಡ್ಜ್ ಎಲ್ಲ ಪಾಸು. ಇನ್ನೇನಿದ್ದರೂ ಫೈರ್‌ವಾಲಿನದೋ ಸರ್ವರ್ ಪ್ರೋಗ್ರಾಮಿನದೋ ತಕರಾರು. ಆ ಸಾಲೇ ಕಾಣದಿದ್ದರೆ ತಪ್ಪು ಅದಕ್ಕಿಂತ ಕೆಳಗಿದೆ, ಅಡಾಪ್ಟರ್ ಆಯ್ಕೆಗೆ ವಾಪಸ್ಸು ಹೋಗಿ. ಉಬುಂಟುವಿನೊಳಗೆ 169.254ರಿಂದ ಶುರುವಾಗುವ ವಿಳಾಸ ಕಂಡರೂ, ಯಾವ ವಿಳಾಸವೂ ಕಾಣದಿದ್ದರೂ ಹಾಗೆಯೇ. ಡಿಎಚ್‌ಸಿಪಿಯ ತನಕ ಮಷೀನಿನ ಕೂಗು ಮುಟ್ಟಿಲ್ಲ.

ಆಮೇಲಿನದಕ್ಕೆ ಸೋಲಿನ ರೀತಿಯೇ ಸುಳಿವು ಕೊಡುತ್ತದೆ. ‘ಕನೆಕ್ಷನ್ ರೆಫ್ಯೂಸ್ಡ್’ ಅಂತ ತಕ್ಷಣ ಬಂದರೆ ಸಂತೋಷಪಡಿ. ಮನೆ ಸಿಕ್ಕಿದೆ, ಬಾಗಿಲು ತಟ್ಟಿದ್ದೂ ಆಗಿದೆ, ಆ ಕೋಣೆಯಲ್ಲಿ ಯಾರೂ ಇಲ್ಲ ಅಷ್ಟೆ. ಬಹಳ ಹೊತ್ತು ಕಾಯಿಸಿ ‘ಟೈಮ್ಡ್ ಔಟ್’ ಅಂದರೆ ದಾರಿಯಲ್ಲೇ ಎಲ್ಲೋ ಮಾತು ಬಿದ್ದುಹೋಗಿದೆ, ಹೆಚ್ಚಾಗಿ ಫೈರ್‌ವಾಲ್.

ಉಬುಂಟು ಸರ್ವರಿನ ಯುಎಫ್‌ಡಬ್ಲ್ಯು ಫೈರ್‌ವಾಲ್ ನೀವಾಗಿ ಹಚ್ಚದ ಹೊರತು ಸುಮ್ಮನೆ ಇರುತ್ತದೆ. ನಿಮ್ಮ ವೆಬ್ ಸರ್ವರ್ ಬ್ರಿಡ್ಜ್ ಆದ ಕೂಡಲೇ ತೆರೆದುಕೊಳ್ಳುತ್ತದೆ ಅನ್ನಿಸುತ್ತದೆ. ಮೈಎಸ್‌ಕ್ಯೂಎಲ್ ಮಾತ್ರ ತೆರೆಯುವುದಿಲ್ಲ, ಇದನ್ನು ಬರೆದುಕೊಡಬಲ್ಲೆ. ಉಬುಂಟುವಿನಲ್ಲಿ ಅದು ಹುಟ್ಟಿನಿಂದಲೇ 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳುತ್ತದೆ, ಅಂದರೆ ತನ್ನ ಮಷೀನಿನೊಳಗಿನ ಮಾತನ್ನು ಮಾತ್ರ. ಅದರ ಸೆಟ್ಟಿಂಗ್ ಕಡತದಲ್ಲಿ ಬೈಂಡ್-ಅಡ್ರೆಸ್ ಎಂಬ ಸಾಲು ಹುಡುಕಿ 192.168.1.21 ಅಂತ ಬದಲಾಯಿಸಿ, ಮೈಎಸ್‌ಕ್ಯೂಎಲ್ ರೀಸ್ಟಾರ್ಟ್ ಮಾಡಿ. ಅಷ್ಟಾದರೂ ‘ಈ ಹೋಸ್ಟಿಗೆ ಅನುಮತಿ ಇಲ್ಲ’ ಅನ್ನುವ ಸಂದೇಶ ಬರಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಬಳಕೆದಾರನ ಖಾತೆ ಅಂದರೆ ಹೆಸರೊಂದೇ ಅಲ್ಲ, ಯಾವ ವಿಳಾಸದಿಂದ ಬರುತ್ತಾನೆ ಅನ್ನುವುದೂ ಅದರ ಭಾಗ. ಲೋಕಲ್‌ಹೋಸ್ಟಿನಿಂದ, ಅಂದರೆ ಅದೇ ಮಷೀನಿನೊಳಗಿನಿಂದ, ಬರುವವನಿಗೆ ಮಾಡಿದ ಖಾತೆ 192.168.1.20ರಿಂದ ಬರುವವನಿಗೆ ಆಗುವುದಿಲ್ಲ. ವೆಬ್ ಸರ್ವರಿನ ವಿಳಾಸಕ್ಕೆಂದೇ ಒಂದು ಖಾತೆ ಮಾಡಿ, ಎಲ್ಲರಿಗೂ ಬಾಗಿಲು ತೆಗೆಯುವ ಶೇಕಡಾ ಚಿಹ್ನೆ ಹಾಕಬೇಡಿ. ಮಕ್ಕಳು ಜಾಂಗೋ (ವೆಬ್‌ಸೈಟ್ ಕಟ್ಟುವ ಪೈಥಾನ್ ಸಲಕರಣೆ) ಕಲಿಯುತ್ತಿದ್ದರೆ ಅದರ ಪರೀಕ್ಷಾ ಸರ್ವರಿನದೂ ಇದೇ ಕಥೆ, ಅದೂ 127.0.0.1ರಲ್ಲೇ ಕೂರುತ್ತದೆ, 0.0.0.0, ಅಂದರೆ ಎಲ್ಲ ವಿಳಾಸ, ಅಂತ ಕೊಟ್ಟು ಎಬ್ಬಿಸಬೇಕು. ಎಸ್‌ಎಸ್ ಎಂಬ ಆಜ್ಞೆಯನ್ನು ಹೈಫನ್-ಟಿಎಲ್‌ಎನ್ ಜೊತೆ ಕೊಟ್ಟರೆ ಮಷೀನು ಯಾವ ವಿಳಾಸದ ಯಾವ ಪೋರ್ಟಿನಲ್ಲಿ (ಸೇವೆಯ ಬಾಗಿಲಸಂಖ್ಯೆ) ಕಿವಿ ತೆರೆದಿದೆ ಅಂತ ಪಟ್ಟಿ ಬರುತ್ತದೆ. ಫೈರ್‌ವಾಲಿಗೆ ಕೈಹಾಕುವ ಮೊದಲು ಆ ಪಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಕೇಬಲ್ ಬರುವ ತನಕ ಏನು ಮಾಡುವುದು ಅಂತ ಕೇಳುತ್ತೀರಿ. ನ್ಯಾಟ್‌ನಲ್ಲೇ ಇದ್ದು ಪೋರ್ಟ್ ಫಾರ್ವರ್ಡಿಂಗ್ ಮಾಡಿ. ಅಂಗಡಿಯವರಿಗೆ ‘8080 ಅಂತ ಬರೆದ ಕಾಗದ ಬಂದರೆ ನಮ್ಮನೆಗೆ ಕಳಿಸಿ’ ಅಂತ ಹೇಳಿಟ್ಟ ಹಾಗೆ. ನೆಟ್‌ವರ್ಕ್ ಸೆಟ್ಟಿಂಗಿನಲ್ಲೇ ಅದರ ಬಟನ್ ಇದೆ. ಹೋಸ್ಟ್ (ನಿಮ್ಮ ವಿಂಡೋಸ್ ಕಂಪ್ಯೂಟರ್) ಪೋರ್ಟ್ 8080, ಗೆಸ್ಟ್ (ವರ್ಚುವಲ್ ಮಷೀನ್) ಪೋರ್ಟ್ 80 ಎಂದು ಬರೆಯಿರಿ, ಹೋಸ್ಟ್ ಐಪಿ ಖಾಲಿ ಬಿಡಿ. ಅಲ್ಲಿ 127.0.0.1 ಬರೆದರೆ ಆ ಕಂಪ್ಯೂಟರಿಗೆ ಬಿಟ್ಟು ಬೇರೆ ಯಾರಿಗೂ ಕಾಣದು. ಮಕ್ಕಳು ಬ್ರೌಸರಿನಲ್ಲಿ ನಿಮ್ಮ ವಿಂಡೋಸ್ ಕಂಪ್ಯೂಟರಿನ ಐಪಿಯನ್ನು 8080 ಸೇರಿಸಿ ಬರೆಯಬೇಕು, ವರ್ಚುವಲ್ ಮಷೀನಿನ ಐಪಿಯನ್ನಲ್ಲ. ಮೊದಲ ಸಲ ವಿಂಡೋಸ್ ‘ಅನುಮತಿ ಕೊಡಲೇ’ ಅಂತ ಕೇಳುತ್ತದೆ. ಗಡಿಬಿಡಿಯಲ್ಲಿ ಕ್ಯಾನ್ಸಲ್ ಒತ್ತಿದಿರೋ, ವರ್ಚುವಲ್‌ಬಾಕ್ಸನ್ನು ತಡೆಯುವ ನಿಯಮವೇ ಫೈರ್‌ವಾಲಿನಲ್ಲಿ ಕೂತುಬಿಡುತ್ತದೆ; ಇನ್‌ಬೌಂಡ್ ರೂಲ್ಸ್‌ನಲ್ಲಿ ಹುಡುಕಿ ತೆಗೆಯುವ ತನಕ ಏನು ಮಾಡಿದರೂ ದಾರಿ ಬಿಡುವುದಿಲ್ಲ. ಈ ವಿಧಾನಕ್ಕೆ ವೈಫೈ ತಕರಾರು ಮಾಡುವುದಿಲ್ಲ, ಹೊರಗೆ ಕಾಣುವುದು ನಿಮ್ಮ ಕಂಪ್ಯೂಟರಿನ ಮ್ಯಾಕ್ ಒಂದೇ ತಾನೇ. ಕೊರತೆ ಅಂದರೆ ಒಂದೊಂದು ಸೇವೆಗೂ ಒಂದೊಂದು ನಿಯಮ ಬರೆಯಬೇಕು. ಇನ್ನೊಂದು, ವೆಬ್ ಸರ್ವರಿನ ಲಾಗ್‌ನಲ್ಲಿ ಹನ್ನೆರಡು ಮಕ್ಕಳೂ 10.0.2.2 ಎಂಬ ಒಂದೇ ವಿಳಾಸದಿಂದ ಬಂದ ಹಾಗೆ ಕಾಣುತ್ತಾರೆ. ಯಾರು ಯಾವ ಪುಟ ತೆರೆದರು ಅಂತ ಪಾಠ ಮಾಡಲಾಗುವುದಿಲ್ಲ.

ಹೋಸ್ಟ್-ಓನ್ಲಿ ಎಂಬ ಇನ್ನೊಂದು ಆಯ್ಕೆಯೂ ಕಣ್ಣಿಗೆ ಬಿದ್ದಿರಬಹುದು. ಅಲ್ಲಿ 192.168.56 ಸಾಲಿನ ವಿಳಾಸ ಸಿಗುತ್ತದೆ, ನೋಡಲು ಲ್ಯಾಬಿನ ವಿಳಾಸದ ಹಾಗೇ ಇರುತ್ತದೆ. ಮೋಸ ಹೋಗಬೇಡಿ. ಅದು ನಿಮ್ಮ ಕಂಪ್ಯೂಟರಿಗೂ ಅದರೊಳಗಿನ ಮಷೀನುಗಳಿಗೂ ನಡುವಿನ ಒಳಬಾಗಿಲು, ಲ್ಯಾಬಿನ ಉಳಿದವರಿಗೆ ಅದರ ಸುದ್ದಿಯೇ ಇಲ್ಲ.

ಮನೆಯಿಂದ ತೆರೆಯುವುದು. ಕಾಲೇಜಿನ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಅಂತ ಯಾರಾದರೂ ಹೇಳುತ್ತಾರೆ, ಮಾಡಬೇಡಿ. ಮೊದಲನೆಯದಾಗಿ ಅದು ನಡೆಯದೇ ಇರುವ ಸಂಭವವೇ ಹೆಚ್ಚು. ರೂಟರಿನ ಪುಟದಲ್ಲಿ ಅದರ ಹೊರಗಿನ ವಿಳಾಸ ನೋಡಿ. 100.64ರಿಂದ 100.127ರ ನಡುವೆ ಇದ್ದರೆ ನಿಮ್ಮ ಇಂಟರ್ನೆಟ್ ಕಂಪನಿಯೇ ನಿಮ್ಮನ್ನು ಇನ್ನೊಂದು ನ್ಯಾಟ್ ಹಿಂದೆ ಇಟ್ಟಿದೆ ಎಂದರ್ಥ. ಐಪಿವಿ4 ವಿಳಾಸಗಳ ಬರದಿಂದಾಗಿ ಕಂಪನಿಗಳಿಗೆಂದೇ 2012ರಲ್ಲಿ ಎತ್ತಿಟ್ಟ ಸಾಲು ಅದು. ನಿಮ್ಮ ಅಂಗಡಿಯವರಿಗೆ ನೀವು ಎಷ್ಟೇ ಹೇಳಿಟ್ಟರೂ ಪೇಟೆಯ ದೊಡ್ಡ ಅಂಗಡಿಯವರಿಗೆ ನಿಮ್ಮ ಮಾತು ಗೊತ್ತಿಲ್ಲವಲ್ಲ. ಎರಡನೆಯದಾಗಿ, ಒಂದು ವೇಳೆ ನಡೆದರೂ, ದೂರದ ಲಾಗಿನ್ನಿನ 22 ಅಥವಾ ಮೈಎಸ್‌ಕ್ಯೂಎಲ್‌ನ 3306ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟರೆ ಅದೇ ದಿನ ಅಪರಿಚಿತ ಬಾಟ್‌ಗಳು ಪಾಸ್‌ವರ್ಡ್ ಊಹಿಸಲು ಶುರುಮಾಡುತ್ತವೆ. ವಿದ್ಯಾರ್ಥಿಗಳ ಪಾಸ್‌ವರ್ಡ್ ಹೇಗಿರುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ವೈರ್‌ಗಾರ್ಡ್ ಮಾದರಿಯ ವಿಪಿಎನ್ (ಇಂಟರ್ನೆಟ್ಟಿನ ನಡುವೆ ಗುಟ್ಟಾಗಿ ಹಾಯುವ ಖಾಸಗಿ ದಾರಿ) ಬಳಸಿ. 2020ರ 5.6ನೇ ಆವೃತ್ತಿಯಿಂದ ಅದು ಲಿನಕ್ಸ್ ಕರ್ನಲಿನೊಳಗೇ ಬಂದಿದೆ. ಆದರೆ ಬರೀ ವೈರ್‌ಗಾರ್ಡಿಗೆ ಎರಡು ತುದಿಯಲ್ಲಿ ಒಂದಾದರೂ ಹೊರಗಿನಿಂದ ಮುಟ್ಟುವಂತಿರಬೇಕು. ಎರಡೂ ಕಡೆ ಕಂಪನಿಯ ನ್ಯಾಟ್ ಇದ್ದರೆ ವೈರ್‌ಗಾರ್ಡ್ ಮೇಲೆಯೇ ಕಟ್ಟಿದ ಟೇಲ್‌ಸ್ಕೇಲ್ ಸುಲಭ. ಅದು ಎರಡೂ ಕಡೆಯಿಂದ ಹೊರಗೆ ಹೊರಟು ನಡುದಾರಿಯಲ್ಲಿ ಕೂಡಿಸುತ್ತದೆ, ಒಬ್ಬರ ಬಳಕೆಗೆ ದುಡ್ಡು ಕೊಡಬೇಕಾಗಿಲ್ಲ. ಅದನ್ನು ವಿಂಡೋಸ್‌ನಲ್ಲಿ ಹಾಕದೆ ನೇರ ಉಬುಂಟು ಮಷೀನಿನೊಳಗೆ ಹಾಕಿ. ಕಾರಣ, ನಿಮ್ಮ ಮನೆಯ ರೂಟರೂ ಕಾಲೇಜಿನ ಹಾಗೆ 192.168.1 ಸಾಲಿನಲ್ಲೇ ಇರುವ ಸಾಧ್ಯತೆ ಇದೆ. ಆಗ ಮನೆಯಲ್ಲಿ ಕೂತು 192.168.1.20 ಅಂದರೆ ಲ್ಯಾಪ್‌ಟಾಪು ಮನೆಯೊಳಗೇ ಹುಡುಕುತ್ತದೆ. ಮಷೀನಿನೊಳಗೇ ಟೇಲ್‌ಸ್ಕೇಲ್ ಇದ್ದರೆ ಅದಕ್ಕೆ 100ರಿಂದ ಶುರುವಾಗುವ ಬೇರೆಯೇ ವಿಳಾಸ ಸಿಗುತ್ತದೆ, ಗೊಂದಲವಿಲ್ಲ. ಆ ಮಷೀನು ನ್ಯಾಟ್‌ನಲ್ಲಿದ್ದರೂ ಇದು ನಡೆಯುತ್ತದೆ. ಹಾಕುವ ಮೊದಲು ಪ್ರಾಂಶುಪಾಲರಿಗೆ ಒಂದು ಮಾತು ಹೇಳಿ. ಕಾಲೇಜಿನ ಜಾಲಕ್ಕೆ ಹೊರಗಿನಿಂದ ದಾರಿ ಮಾಡುವುದು ಒಬ್ಬರೇ ನಿರ್ಧರಿಸುವ ವಿಷಯವಲ್ಲ.

ಕೇಬಲ್ ಎಳೆಸಿ, ಮಷೀನ್-ಐಡಿ ಖಾಲಿ ಮಾಡಿ, ಬ್ರಿಡ್ಜ್ ಹಾಕಿ ನೋಡಿ. ಆಗಲೂ ಬರದಿದ್ದರೆ ಉಬುಂಟುವಿನೊಳಗೆ ಕಾಣುವ ಐಪಿ, ಮಕ್ಕಳ ಕಂಪ್ಯೂಟರಿನ ಎಆರ್‌ಪಿ ಪಟ್ಟಿ, ಎಸ್‌ಎಸ್ ಆಜ್ಞೆಯ ಪಟ್ಟಿ, ಈ ಮೂರನ್ನು ಹಾಗೇ ನಕಲು ಮಾಡಿ ಕಳಿಸಿ. ಸ್ಕ್ರೀನಿನ ಫೋಟೋ ತೆಗೆಯುವುದಾದರೆ ಟ್ಯೂಬ್‌ಲೈಟ್ ಆರಿಸಿ ತೆಗೆಯಿರಿ, ಕಳೆದ ಸಲ ನೀವು ಕಳಿಸಿದ್ದರಲ್ಲಿ ಬೆಳಕಿನ ಪಟ್ಟೆ ಬಿಟ್ಟು ಬೇರೇನೂ ಕಾಣಲಿಲ್ಲ.